ಹಸಿರು ಇತ್ತು, ಹುಲ್ಲು ಇರಲಿಲ್ಲ: 9 ವರ್ಷ ಆಡಿಸಿದ ಟರ್ಫ್ ಬಗ್ಗೆ

ಈ ಟರ್ಫ್‌ಗೆ, ಅಂದರೆ ಮೈದಾನಕ್ಕೆ ಹಾಸುವ ಪ್ಲಾಸ್ಟಿಕ್ ಹುಲ್ಲಿಗೆ, ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಐದನೆಯದು ತಪ್ಪಿದ್ದು ನನ್ನಿಂದ. ಏಳನೇ ವರ್ಷಕ್ಕೆ ಕಿತ್ತು ಹಾಕಬೇಕಿದ್ದದ್ದನ್ನು ಒಂಬತ್ತರವರೆಗೆ ಎಳೆದೆ.

ನನ್ನದು ತಂಡಕ್ಕೆ ಐದೈದು ಜನ ಆಡುವ ಚಿಕ್ಕ ಫುಟ್‌ಬಾಲ್ ಮೈದಾನ. 40 ಮೀಟರ್ ಉದ್ದ, 20 ಮೀಟರ್ ಅಗಲ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತೇನೆ. ಹಾಕಿಸಿದ್ದು 50 ಮಿ.ಮೀ. ಎತ್ತರದ ಪಾಲಿಥಿಲೀನ್ ಹುಲ್ಲು. ಎಳೆಗಳ ನಡುವೆ ಕೆಳಗೆ ಮರಳು, ಮೇಲೆ ಹಳೇ ಟೈರ್ ಪುಡಿ ಮಾಡಿದ ಕಪ್ಪು ರಬ್ಬರ್ ಕಾಳು. ಹೀಗೆ ತುಂಬುವುದಕ್ಕೆ ಇನ್‌ಫಿಲ್ ಅನ್ನುತ್ತಾರೆ. ಎಳೆ ನೆಟ್ಟಗೆ ನಿಲ್ಲುವುದು ಅದರ ಬಲದಿಂದ, ಬಿದ್ದವರ ಮೊಣಕಾಲು ಉಳಿಯುವುದೂ ಅದರಿಂದಲೇ. ಕಂಪನಿ ಹೆಸರು ಬೇಡ. ಇಲ್ಲಿ ಬರೆದಿದ್ದು ಯಾರ ಟರ್ಫ್‌ಗಾದರೂ ಹೊಂದುತ್ತದೆ.

ಮೊದಲ ಆರು ವರ್ಷ ದೊಡ್ಡ ದೂರೇನೂ ಇಲ್ಲ. ಮಳೆ ನಿಂತು ಅರ್ಧ ಗಂಟೆಗೆ ಆಟ ಶುರು ಮಾಡಬಹುದಿತ್ತು. ವಾರಕ್ಕೆರಡು ಸಲ ಬ್ರಷ್ ಎಳೆದರೆ ಎಳೆ ಎದ್ದು ನಿಲ್ಲುತ್ತಿತ್ತು. ಅಷ್ಟೇ ಕೆಲಸ.

ಏಳನೇ ವರ್ಷ ಒಂದು ಸಂಜೆ ನಮ್ಮಲ್ಲಿ ಕಾಯಂ ಆಡುವ ಗೋಲ್‌ಕೀಪರ್ ಹುಡುಗ ಬಂದು, 'ಅಣ್ಣಾ, ಗೇಟ್ ಕಡೆ ಗೋಲ್‌ನಲ್ಲಿ ಡೈವ್ ಹೊಡೆಯೋಕೆ ಭಯ ಆಗ್ತಿದೆ, ನೆಲ ತಾಗುತ್ತೆ' ಅಂದ. ನಾನು ಬಾಗಿಲಲ್ಲೇ ನಿಂತು ನೋಡಿದೆ. ಹಸಿರಾಗೇ ಇತ್ತು. 'ಸುಮ್ನೆ ಆಡೋ, ಎಲ್ಲಾ ಸರಿ ಇದೆ' ಅಂದುಬಿಟ್ಟೆ. ಆ ಮಾತನ್ನು ಇವತ್ತಿಗೂ ವಾಪಸ್ ತಗೋಬೇಕು ಅನ್ನಿಸುತ್ತದೆ.

ದೂರದಿಂದ ನೋಡಿದರೆ ಟರ್ಫ್ ಸುಳ್ಳು ಹೇಳುತ್ತದೆ. ಲೈಟ್ ಹಾಕಿದರಂತೂ ಇನ್ನೂ ಜಾಸ್ತಿ. ಬಣ್ಣ ಬಹುಪಾಲು ಕೊನೆಯವರೆಗೂ ಇರುತ್ತದೆ, ಯಾಕಂದರೆ ಅದನ್ನು ಪ್ಲಾಸ್ಟಿಕ್‌ಗೇ ಬೆರೆಸಿರುತ್ತಾರೆ. ಸವೆಯುವುದು ಎಳೆ. ಬಿಸಿಲು ತಡೆಯಲು ಅದರಲ್ಲಿ ಬೆರೆಸಿದ ರಾಸಾಯನಿಕ ವರ್ಷವರ್ಷಕ್ಕೂ ಕಡಿಮೆಯಾಗುತ್ತಾ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ ಪೆಡಸಾಗುತ್ತದೆ, ಬೂಟಿನ ಸ್ಟಡ್ ತಾಗಿದಾಗ ಸೀಳುತ್ತದೆ.

ಮಾರನೇ ದಿನ ಬೆಳಿಗ್ಗೆ ಮನಸ್ಸು ಕೇಳದೆ ಆ ಗೋಲ್ ಮುಂದೆ ಮಂಡಿಯೂರಿ ಕೂತೆ. ಒಂದು ಎಳೆ ಹಿಡಿದು ಬೆರಳಲ್ಲಿ ಹೊಸೆದೆ. ಒಂದಿದ್ದದ್ದು ಮೂರಾಯಿತು, ಕೂದಲಿನಷ್ಟು ಸಣ್ಣ. ಅಂಗೈಯಿಂದ ಉಜ್ಜಿದೆ. ಕೈಗೆ ಹಸಿರು ಪುಡಿ ಅಂಟಿತು, ಸೀಮೆಸುಣ್ಣ ಮುಟ್ಟಿದ ಹಾಗೆ. ಮೂಲೆಗೆ ಹೋಗಿ ಹಾಗೇ ಉಜ್ಜಿದರೆ ಬರೀ ಧೂಳು ಬಂತು, ಪುಡಿ ಬರಲಿಲ್ಲ. ಯಾರೂ ಕಾಲಿಡದ ಮೂಲೆ ನೋಡಿ ಟರ್ಫ್ ಚೆನ್ನಾಗಿದೆ ಅನ್ನಬೇಡಿ. ಗೋಲ್ ಮುಂದೆ, ಪೆನಾಲ್ಟಿ ಸ್ಪಾಟ್‌ನಲ್ಲಿ, ಮಧ್ಯದ ಚುಕ್ಕೆಯಲ್ಲಿ ನೋಡಿ. ಸಾಯುವುದು ಅಲ್ಲಿ ಮೊದಲು.

ಇನ್‌ಫಿಲ್ ಅಳೆಯಲು ಬೇರೆ ಉಪಕರಣವೇ ಇದೆ. ನನ್ನ ಹತ್ತಿರ ಇದ್ದದ್ದು ಮುರಿದ ಕೊಡೆಯ ಕಡ್ಡಿ. ಮಾರ್ಕರ್‌ನಲ್ಲಿ ಗೆರೆ ಹಾಕಿ ಚುಚ್ಚಿ ನೋಡಿದೆ. ಮೂಲೆಯಲ್ಲಿ ಇನ್‌ಫಿಲ್ ಮೇಲೆ ಎಳೆ 16 ಮಿ.ಮೀ. ನಿಂತಿತ್ತು. ಗೋಲ್ ಮುಂದೆ ನಾಲ್ಕು. ರಬ್ಬರೂ ಅರ್ಧ ಖಾಲಿ.

ಹಾಕಿದ ಕಂಪನಿಗೆ ಫೋನ್ ಮಾಡಿದೆ. 'ಎರಡು ಚೀಲ ರಬ್ಬರ್ ಹಾಕಿ ಸರ್, ಇನ್ನೆರಡು ವರ್ಷ ನೋಡಬೇಕಾಗಿಲ್ಲ' ಅಂದರು. ಹಾಕಿದೆ. ಒಂದೇ ವಾರಕ್ಕೆ ರಬ್ಬರೆಲ್ಲ ಸೈಡ್ ನೆಟ್ ಹತ್ತಿರ ರಾಶಿ ಬಿದ್ದಿತ್ತು. ಗುಡಿಸಿ ವಾಪಸ್ ಹಾಕಿದರೆ ಮತ್ತೆ ಅಲ್ಲಿಗೇ. ಆಗ ತಲೆಗೆ ಹೋಯಿತು: ರಬ್ಬರನ್ನು ಹಿಡಿದಿಡುವುದು ಎಳೆ. ಎಳೆಯೇ ಇಲ್ಲದಿದ್ದರೆ ಎಷ್ಟು ಚೀಲ ಸುರಿದರೂ ಟೈಲ್ಸ್ ಮೇಲೆ ರಾಗಿ ಚೆಲ್ಲಿದ ಹಾಗೆ. ಬೇಲಿಯೇ ಹೋದ ಮೇಲೆ ದನ ಓಡಿಸಿ ಏನು ಪ್ರಯೋಜನ, ಅಲ್ವಾ? ನನ್ನನ್ನು ಕೇಳಿದರೆ ಟರ್ಫ್ ಬದಲಿಸುವ ಗುರುತು ಇದೊಂದೇ ಸಾಕು. ಇನ್‌ಫಿಲ್ ತುಂಬಿಸಿ ಒಂದು ತಿಂಗಳು ನೋಡಿ. ನಿಂತರೆ ಟರ್ಫ್ ಬದುಕಿದೆ.

ಹೆದರಿಸುವ ಕೆಲವು ಗುರುತುಗಳು ಅಷ್ಟೇನೂ ದೊಡ್ಡವಲ್ಲ. ಬಣ್ಣ ಸ್ವಲ್ಪ ಮಾಸಿದರೆ ಏನೂ ಆಗಲ್ಲ. ಐದನೇ ವರ್ಷ ಒಂದು ಕಡೆ ನೀರು ನಿಂತಿತ್ತು. ಧೂಳು, ಮುರಿದ ಎಳೆ, ಎಲೆ ಎಲ್ಲ ಸೇರಿ ಇನ್‌ಫಿಲ್ ಗಟ್ಟಿಯಾಗಿ ನೀರು ಇಳಿಯುವ ತೂತು ಕಟ್ಟಿಕೊಂಡಿತ್ತು. ಅಷ್ಟು ಜಾಗದ ರಬ್ಬರ್ ಕೆದಕಿ ತೆಗೆದು, ಚೊಕ್ಕ ಮಾಡಿ ಮತ್ತೆ ತುಂಬಿದ ಮೇಲೆ ನೀರು ಇಳಿಯಿತು. ಎರಡು ರೋಲ್ ಸೇರುವ ಜೋಡಣೆ ಬಿಟ್ಟುಕೊಂಡರೂ ಗಾಬರಿ ಬೇಡ, ಅಂಟು ಹಾಕಿದರೆ ಕೂರುತ್ತದೆ. ಆದರೆ ಬಿಟ್ಟ ದಿನವೇ ಮಾಡಿಸಿ. ಓಡುವವರ ಕಾಲು ಸಿಕ್ಕಿಕೊಂಡರೆ ಮುಗಿಯಿತು.

ಜೋಡಣೆಯೇ ಕೊನೆಗೆ ನನ್ನ ಕಣ್ಣು ತೆರೆಸಿದ್ದು. ಎಂಟನೇ ವರ್ಷ ಒಂದೇ ಜಾಗ ಮೂರು ಸಲ ಬಿಟ್ಟಿತು. ಮೂರನೇ ಸಲ ಅಂಚು ಎತ್ತಿ ಅಡಿ ನೋಡಿದೆ. ಎಳೆಗಳನ್ನು ಹಿಡಿದಿಡುವ ಕಪ್ಪು ಪದರ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತಿತ್ತು. ಒಂದು ಕುಚ್ಚು ಹಿಡಿದು ಮೆಲ್ಲಗೆ ಎಳೆದೆ, ಬೇರು ಸಮೇತ ಕೈಗೇ ಬಂತು. ಅಂಟು ಕೂರಲು ಅಲ್ಲಿ ಏನೂ ಉಳಿದಿರಲಿಲ್ಲ. ಅಷ್ಟಾದರೂ 'ಈ ಸೀಸನ್ ಮುಗೀಲಿ' ಅಂತ ಇನ್ನೊಂದು ವರ್ಷ ತಳ್ಳಿದೆ.

ಬಾಲ್ ಕೂಡ ಹೇಳುತ್ತಲೇ ಇತ್ತು. ಫಿಫಾದ ಎರಡು ದರ್ಜೆಗಳಲ್ಲಿ ಕೆಳಗಿನದಾದ 'ಫಿಫಾ ಕ್ವಾಲಿಟಿ' ಗುಣಮಟ್ಟದಲ್ಲಿ 2 ಮೀಟರ್ ಮೇಲಿಂದ ಬಿಟ್ಟ ಬಾಲ್ 60 ಸೆಂ.ಮೀ.ನಿಂದ 1 ಮೀಟರ್ ಒಳಗೆ ಪುಟಿಯಬೇಕು. ನಮ್ಮ ಗೋಲ್‌ಪೋಸ್ಟ್ ಎತ್ತರ ಸರಿಯಾಗಿ 2 ಮೀಟರ್, ಹಾಗಾಗಿ ಅಳತೆ ರೆಡಿ. ಪೋಸ್ಟ್‌ಗೆ ಟೇಪ್ ಅಂಟಿಸಿ, ಬಾಲ್ ಬಿಟ್ಟು, ಫೋನ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆದೆ. ಮೂಲೆಯಲ್ಲಿ 85 ಸೆಂ.ಮೀ., ಗೋಲ್ ಮುಂದೆ 1 ಮೀಟರ್ 15. ಮನೆ ಅಳತೆ, ಪ್ರಮಾಣಪತ್ರ ಸಿಗುವುದಿಲ್ಲ. ಆದರೂ ಒಂದೇ ಮೈದಾನದಲ್ಲಿ ಅಷ್ಟು ವ್ಯತ್ಯಾಸ ಇದ್ದರೆ ಅರ್ಥ ಆಗುತ್ತದೆ.

ಕೊನೆಗೆ ಪರೀಕ್ಷೆ ಮಾಡುವವರನ್ನೇ ಕರೆಸಿದೆ. ಈ ಸೇವೆಗೆ ಪೂರ್ತಿ ಐದು ಸ್ಟಾರ್. ಒಬ್ಬರು ಕೊಳವೆಯಂಥ ಉಪಕರಣ ತಂದು, ಸುಮಾರು 9 ಕೆಜಿ ತೂಕವನ್ನು 2 ಅಡಿ ಎತ್ತರದಿಂದ ಬಿಟ್ಟರು. ಒಂದೊಂದು ಜಾಗದಲ್ಲಿ ಮೂರು ಸಲ, ನಡುವೆ ಮೂರು ನಿಮಿಷ ಬಿಡುವು. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. ಇದಕ್ಕೆ ಜಿ-ಮ್ಯಾಕ್ಸ್ ಅನ್ನುತ್ತಾರೆ. ಬಿದ್ದವರಿಗೆ ನೆಲ ಎಷ್ಟು ಗಟ್ಟಿಯಾಗಿ ಗುದ್ದುತ್ತದೆ ಅನ್ನುವ ಲೆಕ್ಕ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಮಾನದಂಡದಲ್ಲಿ 200 ಮಿತಿ. ನಮ್ಮ ಮೂಲೆ 140. ಗೇಟ್ ಕಡೆ ಗೋಲ್ 212. ಆ ಕಾಗದ ಕೈಗೆ ಬಂದಾಗ ನೆನಪಾಗಿದ್ದು ಆ ಹುಡುಗನೇ. ಅವತ್ತೇ ಬುಕಿಂಗ್ ನಿಲ್ಲಿಸಿದೆ.

ವಾರಂಟಿ ಬಗ್ಗೆಯೂ ಒಂದು ಮಾತು. ನನ್ನ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ 8 ವರ್ಷ, ಸಣ್ಣ ಅಕ್ಷರದಲ್ಲಿ ವಾರಕ್ಕೆ 40 ಗಂಟೆ ಮೀರಬಾರದು ಅಂತ. ನನ್ನಲ್ಲಿ 60 ಗಂಟೆ ಆಟ ನಡೆಯುತ್ತಿತ್ತು. ಸಾಮಾನ್ಯವಾಗಿ 8ರಿಂದ 10 ವರ್ಷ ಬರುತ್ತದೆ ಅನ್ನುತ್ತಾರೆ. ಆದರೆ ಟರ್ಫ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ, ಕಾಲುಗಳಷ್ಟೇ ಗೊತ್ತು. ನಿಮ್ಮ ಬುಕಿಂಗ್ ಪುಸ್ತಕ ತೆಗೆದು ಗಂಟೆ ಕೂಡಿಸಿ ನೋಡಿ.

ಹೊಸದಕ್ಕೆ ವಿಚಾರಿಸಿದಾಗ ಇನ್ನೊಂದು ಕಂಪನಿಯವರು ತಳಪಾಯದ ಜಲ್ಲಿಯನ್ನೂ ಅಗೆದು ಹಾಕಬೇಕು ಅಂದರು. ಅದೊಂದು ದೊಡ್ಡ ಖರ್ಚು. ಪರೀಕ್ಷೆಗೆ ಬಂದಿದ್ದವರೇ ಉಪಾಯ ಹೇಳಿದರು: ಹಳೇ ಟರ್ಫ್ ಕಿತ್ತ ಮೇಲೆ 3 ಮೀಟರ್ ಉದ್ದದ ನೇರ ಪಟ್ಟಿ ಇಟ್ಟು ನೋಡಿ, ಅಡಿಯಲ್ಲಿ 10 ಮಿ.ಮೀ. ಮೀರಿ ತಗ್ಗು ಕಾಣದಿದ್ದರೆ, ನೀರೂ ಸರಿಯಾಗಿ ಇಳಿದರೆ, ತಳಪಾಯ ಮುಟ್ಟಬೇಡಿ. ನಮ್ಮಲ್ಲಿ ಎರಡು ಕಡೆ ಮಾತ್ರ ತಗ್ಗಿತ್ತು. ಅಷ್ಟನ್ನೇ ತುಂಬಿಸಿದೆವು.

ಕೀಳುವ ಕೆಲಸ ಮಾತ್ರ ನಾನು ಅಂದುಕೊಂಡಂತೆ ಇರಲಿಲ್ಲ. ಹುಲ್ಲು ಹಗುರ, ಒಳಗಿನ ಮರಳು ಭಾರ. ರಬ್ಬರ್, ಮರಳು ಮೊದಲು ತೆಗೆಸದೆ ಸುತ್ತಿದ ಮೊದಲ ರೋಲ್ ಅಲುಗಾಡಲೇ ಇಲ್ಲ. ಹಳೇದನ್ನು ಎಲ್ಲಿಗೆ ಸಾಗಿಸುತ್ತಾರೆ ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ನಾನು ಬರೆಸಿರಲಿಲ್ಲ, ಎರಡು ತಿಂಗಳು ಗೋಡೆ ಪಕ್ಕ ಬಿದ್ದಿತ್ತು.

ಈ ಸಲ ಅಡಿಗೆ ಶಾಕ್ ಪ್ಯಾಡ್, ಅಂದರೆ ಗುದ್ದು ಹೀರುವ ಮೆತ್ತೆ, ಹಾಕಿಸಿದೆ. ಒಳ್ಳೆಯ ಪ್ಯಾಡ್ ಆದರೆ ಮುಂದಿನ ಟರ್ಫ್‌ಗೂ ಅದೇ ನಡೆಯುತ್ತದೆ. ಮೇಲೆ ರಬ್ಬರ್ ಬದಲು ಕಾರ್ಕ್ ಕಾಳು. ಯುರೋಪ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದ ಪ್ರಕಾರ 2031ರ ಅಕ್ಟೋಬರ್‌ನಿಂದ ರಬ್ಬರ್, ಪ್ಲಾಸ್ಟಿಕ್ ಕಾಳಿನ ಇನ್‌ಫಿಲ್ ಅಲ್ಲಿ ಮಾರುವಂತಿಲ್ಲ. ಮೈದಾನದಿಂದ ಹೊರಬೀಳುವ ಸಣ್ಣ ಕಾಳು ಮಣ್ಣು, ನೀರು ಸೇರುತ್ತದೆ ಅನ್ನುವುದೇ ಕಾರಣ. ನನ್ನ ಚರಂಡಿ ಗುಡಿಸಿದವನಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಕಾರ್ಕ್‌ಗೂ ಅದರದೇ ಕಾಟ ಇದೆ: ಹಗುರ, ಜೋರು ಮಳೆಗೆ ತೇಲುತ್ತದೆ. ಒಂದು ವರ್ಷ ನೋಡಿ ಬರೆಯುತ್ತೇನೆ.

ಕೊಡೆ ಕಡ್ಡಿ ಈಗ ಆಫೀಸಿನ ಗೋಡೆಗೆ ನೇತು ಹಾಕಿದ್ದೇನೆ. ಪ್ರತಿ ತಿಂಗಳು ಆರು ಜಾಗ ಚುಚ್ಚಿ, ಬುಕಿಂಗ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ಹಾಕಿದ ದಿನ ಗೇಟ್ ಕಡೆ ಗೋಲ್ ಮುಂದೆ 18 ಮಿ.ಮೀ. ಇತ್ತು. ಮೊನ್ನೆ 17. ಆ ಹುಡುಗ ಪಕ್ಕದಲ್ಲೇ ನಿಂತು, 'ಅಣ್ಣಾ, ಸರಿಯಾಗಿ ಚುಚ್ಚಿ' ಅಂದ.