ನೀರು ತಡೆಯುತ್ತದೆ, ಭಾರ ಹೊರುವುದಿಲ್ಲ: ಎಪಾಕ್ಸಿ ಪುಟ್ಟಿ ಬಗ್ಗೆ ಪಂಪ್ ಫಿಟ್ಟರ್ ಮಾತು

ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಗಂಗಾವತಿ ಊರಹೊರಗೆ ತಗಡಿನ ಶೆಡ್ಡು. ಗಿರಾಕಿಗಳಲ್ಲಿ ಹೆಚ್ಚಿನವರು ಭತ್ತದ ರೈತರು, ಆನೆಗೊಂದಿ ಕಡೆಯ ಬಾಳೆ ತೋಟದವರು, ಸುಗ್ಗಿ ಹೊತ್ತಿಗೆ ರೈಸ್‌ಮಿಲ್ಲಿನವರು. ಒಡೆದ ಸಾಮಾನನ್ನು ಗೊಬ್ಬರದ ಚೀಲದಲ್ಲಿ ಹಾಕಿಕೊಂಡು ಬಂದವರು ಕೂರುವ ಮೊದಲೇ ಕೇಳುವುದು, “ಅಣ್ಣಾ, ಇದಕ್ಕ ಎಂಸೀಲ್ ಹಚ್ಚಿದ್ರ ನಡೀತೈತೇನು?” ಎರಡು ಮುದ್ದೆ ಕಲಸಿ ಬಿರುಕಿಗೆ ತುಂಬುವ ಎಪಾಕ್ಸಿ ಪುಟ್ಟಿ ಯಾವ ಕಂಪನಿಯದೇ ಇರಲಿ, ನಮ್ಮ ಕಡೆ ಅದು ಎಂಸೀಲೇ. ನಡೆಯುತ್ತದೋ ಇಲ್ಲವೋ ಅನ್ನುವುದಕ್ಕೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಆ ಸಾಮಾನಿಗೆ ಎಲ್ಲಿ ಒತ್ತಡ ಬೀಳುತ್ತದೆ, ಎಷ್ಟು ಬಿಸಿ ಆಗುತ್ತದೆ ಅಂತ ನೋಡಿಯೇ ಹೇಳಬೇಕು.

ಪ್ಯಾಕೆಟ್ಟಿನಲ್ಲಿ ಎರಡು ಮುದ್ದೆ ಇರುತ್ತವೆ. ಒಂದು ರೆಸಿನ್, ಇನ್ನೊಂದು ಹಾರ್ಡನರ್. ಎರಡೂ ಸೇರಿದಾಗ ರಾಸಾಯನಿಕ ಕ್ರಿಯೆ ಶುರುವಾಗಿ, ತನ್ನಷ್ಟಕ್ಕೇ ಬಿಸಿ ಹುಟ್ಟಿ, ಮತ್ತೆ ಮೆತ್ತಗಾಗದ ಹಾಗೆ ಗಟ್ಟಿಯಾಗುತ್ತದೆ. ಕಡಿಮೆ ಬೆಲೆಯದರಲ್ಲಿ ಸೇರಿಸಿರುವುದು ಕಲ್ಲುಪುಡಿಯಂಥ ಖನಿಜದ ಪುಡಿ. ಸ್ಟೀಲ್ ಪುಟ್ಟಿ ಅಂತ ಮಾರುವುದರಲ್ಲಿ ಕಬ್ಬಿಣದ ಪುಡಿ. ಸ್ಟೀಲ್ ಪುಟ್ಟಿಯನ್ನು ಅರ ಹಾಕಿ ಉಜ್ಜಬಹುದು, ಡ್ರಿಲ್ ಹೊಡೆಯಬಹುದು, ಟ್ಯಾಪ್ ಹಾಕಿ ಸಣ್ಣ ಬೋಲ್ಟಿಗೆ ಮರೆಯನ್ನೂ (ಥ್ರೆಡ್) ತೆಗೆಯಬಹುದು. ಹಾಗಂತ ಅದು ಕಬ್ಬಿಣ ಆಗುವುದಿಲ್ಲ. ಸಾಮಾನ್ಯ ಮೈಲ್ಡ್ ಸ್ಟೀಲು ತುಂಡಾಗಬೇಕಾದರೆ ಸುಮಾರು 400 ಮೆಗಾಪಾಸ್ಕಲ್ (ಎಳೆತ, ಒತ್ತಡ ಅಳೆಯುವ ಮಾನ) ಎಳೆತ ಬೇಕು. ಒಳ್ಳೆಯ ಪುಟ್ಟಿ ಅದರ ಹತ್ತನೇ ಒಂದು ಭಾಗದ ಆಸುಪಾಸಿನಲ್ಲೇ ತುಂಡಾಗುತ್ತದೆ. ಒತ್ತಿದರೆ ತಡೆಯುತ್ತದೆ, ಎಳೆದರೆ ಸೋಲುತ್ತದೆ, ಅಂಚಿನಿಂದ ಸುಲಿದರೆ ಇನ್ನೂ ಬೇಗ ಏಳುತ್ತದೆ. ಪ್ಯಾಕೆಟ್ ಮೇಲೆ ಕಬ್ಬಿಣದ ಸರಪಳಿ ಚಿತ್ರ ಹಾಕಿದ್ದರೂ ಇಷ್ಟೇ.

ಇದು ನಿಜವಾಗಿ ಗೆಲ್ಲುವುದು ಬೀಡಿನ, ಅಂದರೆ ಎರಕದ ಕಬ್ಬಿಣದ ಮೇಲೆ. ಕಳೆದ ನಾಟಿ ಹೊತ್ತಿಗೆ ಆನೆಗೊಂದಿ ಕಡೆಯಿಂದ ಒಬ್ಬ ಹಿರಿಯರು 5 ಎಚ್‌ಪಿ ಮೋನೋಬ್ಲಾಕ್ (ಮೋಟರು, ಪಂಪು ಒಂದೇ ಆಗಿರುವುದು) ಹೊತ್ತುಕೊಂಡು ಬಂದರು. ನೀರು ಹೊರಬೀಳುವ ಪೈಪನ್ನು ಜೋಡಿಸುವ ಡೆಲಿವರಿ ಫ್ಲೇಂಜಿನ ಬೋಲ್ಟುಗಳನ್ನು ಎದುರುಬದುರು ಸ್ವಲ್ಪಸ್ವಲ್ಪವೇ ಬಿಗಿಯುವ ಬದಲು ಯಾರೋ ಒಂದೇ ಕಡೆ ಪಾನಾ ಹಾಕಿ ಜಗ್ಗಿದ್ದಾರೆ. ಪಂಪಿನ ಹೊರಕವಚದ, ಅಂದರೆ ಕೇಸಿಂಗಿನ ಕುತ್ತಿಗೆಯಲ್ಲಿ ಕೂದಲೆಳೆಯ ಬಿರುಕು. ಮೋಟರ್ ಚಾಲೂ ಆದರೆ ನೀರು ಚಿಲ್ಲೆಂದು ಮುಖಕ್ಕೇ ಹಾರುತ್ತಿತ್ತು. “ವೆಲ್ಡಿಂಗ್ ಮಾಡಿಸಲೇನೋ ತಮ್ಮಾ?” ಅಂದರು. “ಬ್ಯಾಡ ಕಾಕಾ, ಬೀಡು ಸಾದಾ ರಾಡಿಗೆ ಹಿಡಿಯಂಗಿಲ್ಲ, ಇಲ್ಲಿ ಮುಚ್ಚಿದ್ರ ಬಾಜೂಕ ಮತ್ತ ಸೀಳತೈತಿ” ಅಂದೆ. ಬೀಡಿನಲ್ಲಿ ಇಂಗಾಲ ನೂರಕ್ಕೆ ಎರಡಕ್ಕಿಂತ ಹೆಚ್ಚು. ವೆಲ್ಡಿಂಗ್ ಶಾಖ ಬಿದ್ದ ಅಂಚು ಗಾಜಿನ ಗುಣಕ್ಕೆ ಬಂದು, ತಣ್ಣಗಾಗುವಾಗ ಟಣ್ ಅನ್ನುತ್ತದೆ. ನಿಕಲ್ ರಾಡು ಬೇಕು, ಮೊದಲೇ ಇಡೀ ಸಾಮಾನು ಕಾಯಿಸಬೇಕು, ಆಮೇಲೆ ಬೂದಿಯಲ್ಲಿ ಹೂತು ನಿಧಾನ ಆರಿಸಬೇಕು. ಇಷ್ಟು ತಾಳ್ಮೆಯಿಂದ ಮಾಡುವವರು ಸಿಗುವುದು ಕಷ್ಟ, ಸಿಕ್ಕರೆ ಕೂಲಿ ಹೊಸ ಕೇಸಿಂಗಿನ ಹತ್ತಿರಕ್ಕೆ ಹೋಗುತ್ತದೆ.

ಮೊದಲ ಕೆಲಸ, ಬಿರುಕು ಎಲ್ಲಿ ಮುಗಿಯುತ್ತದೆ ಅಂತ ಹುಡುಕುವುದು. ಕಣ್ಣಿಗೆ ಕಾಣುವ ತುದಿ ನಿಜವಾದ ತುದಿ ಅಲ್ಲ. ಬಣ್ಣ ಕೆರೆದು, ಸೀಮೆಎಣ್ಣೆ ಹಚ್ಚಿ ಸ್ವಲ್ಪ ಬಿಟ್ಟು ಮೇಲೆ ಒಣಬಟ್ಟೆಯಿಂದ ಒರೆಸಿ, ಶಾಲೆಯ ಸುಣ್ಣದ ಕಡ್ಡಿಯನ್ನು ಅಡ್ಡ ಹಿಡಿದು ಉಜ್ಜಿದರೆ, ಒಳಗೆ ಹೋಗಿ ಕೂತ ಎಣ್ಣೆ ಬಿಳಿಯ ಮೇಲೆ ಹಸಿ ಗೆರೆಯಾಗಿ ಎದ್ದು ಬರುತ್ತದೆ. ಕಾಕಾ ತೋರಿಸಿದ್ದು ಹೆಬ್ಬೆರಳಿನಷ್ಟು ಉದ್ದ. ಗೆರೆ ಅಂಗೈ ಅಗಲ ಹೋಗಿತ್ತು. ಎರಡೂ ತುದಿಗೆ 3 ಮಿಲಿಮೀಟರ್ ಡ್ರಿಲ್ ಹೊಡೆದೆ. ಆ ದುಂಡನೆ ತೂತಿಗೆ ಬಂದು ಬಿರುಕು ನಿಲ್ಲುತ್ತದೆ. ತೂತು ಹೊಡೆಯದೆ ಬರೀ ಮೇಲೆ ಬಳಿದರೆ ಪುಟ್ಟಿಯ ಕೆಳಗೇ ಅದು ಬೆಳೆಯುತ್ತ ಹೋಗುತ್ತದೆ. ಆಮೇಲೆ ಗ್ರೈಂಡರಿನಿಂದ ಬಿರುಕಿನ ಉದ್ದಕ್ಕೂ ಇಳಿಜಾರು ತೋಡು ತೆಗೆದು, ಸುತ್ತ ಎರಡು ಬೆರಳಷ್ಟು ಜಾಗ ಒರಟು ಎಮರಿ ಪೇಪರಿನಿಂದ ತಿಕ್ಕಿದೆ.

ಎಣ್ಣೆ ತೆಗೆಯುವುದು ಇಡೀ ಕೆಲಸದ ಅರ್ಧ. ಬೀಡು ಎಣ್ಣೆ ಕುಡಿಯುತ್ತದೆ. ಮೇಲೆ ಫಳಫಳ ಕಂಡರೂ ಬ್ಲೋಲ್ಯಾಂಪ್ ಹಿಡಿದು ಬೆಚ್ಚಗೆ ಮಾಡಿದರೆ ಕಪ್ಪಗೆ ಬೆವರುತ್ತದೆ. ಒರೆಸಬೇಕು, ಮತ್ತೆ ಕಾಯಿಸಬೇಕು, ಬೆವರುವುದು ನಿಲ್ಲುವ ತನಕ. ಕೊನೆಗೆ ಆರಿದ ಮೇಲೆ ಥಿನ್ನರ್. ಪೆಟ್ರೋಲ್ ಹಾಕಿ ತೊಳೆಯುವವರು ಬಹಳ ಮಂದಿ, ಅದು ತಾನೇ ಒಂದು ಜಿಡ್ಡಿನ ಪದರ ಬಿಟ್ಟು ಹೋಗುತ್ತದೆ. ಸ್ವಚ್ಛ ಆಯಿತೇ ಅಂತ ನೋಡಲು ಒಂದು ಚಮಚ ನೀರು ಬಿಡಿ: ಹನಿಹನಿಯಾಗಿ ಕೂತರೆ ಎಣ್ಣೆ ಇನ್ನೂ ಇದೆ, ಹಾಳೆಯ ಹಾಗೆ ಹರಡಿದರೆ ಪುಟ್ಟಿಗೆ ತಯಾರು. ನೀರು ಪೂರ್ತಿ ಒಣಗಿಸಿಯೇ ಮುಂದಿನ ಮಾತು.

ಎರಡೂ ಮುದ್ದೆಯಿಂದ ಸಮಸಮ ತೆಗೆದು, ಕೈಗವಸು ಹಾಕಿಕೊಂಡೇ ಜೋಳದ ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಬೇಕು. ಎಳೆಎಳೆಯಾಗಿ ಎರಡು ಬಣ್ಣ ಕಾಣುವುದು ನಿಲ್ಲುವ ತನಕ ಬಿಡಬಾರದು. ಆ ಎಳೆ ಇರುವ ಜಾಗ ಎಂದೂ ಗಟ್ಟಿ ಆಗುವುದಿಲ್ಲ, ವಾರ ಕಳೆದರೂ ಉಗುರು ಇಳಿಯುತ್ತದೆ. ಮೊದಲು ಸಣ್ಣ ಚೂರನ್ನು ಹೆಬ್ಬೆರಳಿನಿಂದ ಲೋಹಕ್ಕೆ ತಿಕ್ಕಿ ತಿಕ್ಕಿ ತೆಳುವಾಗಿ ಹತ್ತಿಸಿ, ಅದರ ಮೇಲೆ ಉಳಿದದ್ದನ್ನು ಒತ್ತಿ ತುಂಬಬೇಕು. ಒಮ್ಮೆಲೇ ಮುದ್ದೆ ಇಟ್ಟರೆ ಕೆಳಗೆ ಗಾಳಿ ಕೂರುತ್ತದೆ. ಬೆರಳು ಹಸಿ ಮಾಡಿಕೊಂಡು ಸವರಿದರೆ ಮೇಲ್ಮೈ ನುಣ್ಣಗೆ ಬರುತ್ತದೆ. ಕಾಕಾನ ಪಂಪಿಗೆ ಸ್ಟೀಲ್ ಪುಟ್ಟಿ ತುಂಬಿ, ಅದರ ಮೇಲೆ ಕುತ್ತಿಗೆ ಸುತ್ತ ಕಬ್ಬಿಣದ ಪಟ್ಟಿಯ ಕ್ಲಾಂಪ್ ಹಾಕಿದೆ. ನೀರನ್ನು ಪುಟ್ಟಿ ತಡೆಯುತ್ತದೆ, ಎಳೆತವನ್ನು ಪಟ್ಟಿ ಹೊರುತ್ತದೆ. “ಒಂದ್ ದಿನ ಪೂರ್ತಿ ಚಾಲೂ ಮಾಡಬ್ಯಾಡ್ರಿ” ಅಂತ ಹೇಳಿ ಕಳಿಸಿದೆ. ಮುಟ್ಟಿದರೆ ಕಲ್ಲಾದಂತೆ ಕಂಡರೂ ಪೂರ್ತಿ ಬಲ ಬರಲು 24 ಗಂಟೆ ಬೇಕು. ಹತ್ತು ಮೀಟರ್ ನೀರೆತ್ತಿದರೆ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಒತ್ತಡ, ಅವರದು ಇಪ್ಪತ್ತು ಮೀಟರಿನ ಒಳಗೆ. ಆ ಮಟ್ಟಕ್ಕೆ ಈ ರಿಪೇರಿ ಧಾರಾಳ ಸಾಕು. ಪಂಪು ಈಗಲೂ ನಡೆಯುತ್ತಿದೆ. ಕ್ಲಾಂಪಿಗೆ ಮಾತ್ರ ತುಕ್ಕು ಹಿಡಿದಿದೆ, ಬಣ್ಣ ಬಳಿಯಿರಿ ಅಂದರೆ ಯಾರು ಕೇಳುತ್ತಾರೆ.

ಪ್ಯಾಕೆಟ್ ಮೇಲೆ ಬರೆದ ಹೊತ್ತನ್ನು ನಮ್ಮ ಭಾಗದವರು ಹಾಗೇ ನಂಬಬಾರದು. ಅದು ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ಸಿನ ಲೆಕ್ಕ. ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಬಿಸಿಲಿಗೆ ಬಿದ್ದ ಕಬ್ಬಿಣ ಮುಟ್ಟಲೂ ಆಗುವುದಿಲ್ಲ. ಅಂಥ ದಿನ ಫಟಾಫಟ್ ಒಣಗುವ ನಮೂನೆ ತೆಗೆದುಕೊಂಡರೆ ನಾದಿ ಮುಗಿಸುವಷ್ಟರಲ್ಲೇ ಅದು ಕೈಯಲ್ಲಿ ಕಲ್ಲು. ಬೇಸಿಗೆಗೆ ನಿಧಾನದ್ದನ್ನೇ ತನ್ನಿ, ಒಮ್ಮೆಗೆ ನೆಲ್ಲಿಕಾಯಿಯಷ್ಟು ಮಾತ್ರ ನಾದಿ, ಕೆಲಸ ಬೆಳಗ್ಗೆ ಮುಗಿಸಿ. ದೊಡ್ಡ ಮುದ್ದೆ ಮಾಡಿದರೆ ಒಳಗಿನ ಶಾಖ ಹೊರಗೆ ಹೋಗಲಾರದೆ ಇನ್ನೂ ಬೇಗ ಬಿಗಿಯುತ್ತದೆ. ಪ್ಯಾಕೆಟ್ಟನ್ನು ನಾನು ಫ್ರಿಜ್ಜಿನಲ್ಲಿ ಇಡುತ್ತೇನೆ, ಡಬ್ಬಿಯ ಮೇಲೆ ದೊಡ್ಡದಾಗಿ ಬರೆದು.

ಆಗದ ಕೆಲಸಗಳೂ ಇವೆ. ಬೈಕಿನ, ಟ್ರ್ಯಾಕ್ಟರಿನ ಸೈಲೆನ್ಸರಿಗೆ ಸಾದಾ ಪುಟ್ಟಿ ಹಚ್ಚಬೇಡಿ. ನೂರು ಡಿಗ್ರಿ ಮುಟ್ಟುವ ಮೊದಲೇ ಬಹಳಷ್ಟು ಪುಟ್ಟಿಗಳ ಹಿಡಿತ ಸಡಿಲಾಗುತ್ತದೆ, ಸೈಲೆನ್ಸರ್ ಅದನ್ನು ಎಲ್ಲೋ ದಾಟಿರುತ್ತದೆ. ಮೇಲಾಗಿ ಎಪಾಕ್ಸಿ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಕಾಯ್ದು ಆರಿ ಕಾಯ್ದು ಆರಿ ಅಂಚು ಬಿಡುತ್ತದೆ. ಎಳೆತ ಬೀಳುವ ಕೊಂಡಿ, ಸರಪಳಿ, ಹುಕ್ಕುಗಳ ಹತ್ತಿರ ಅಂತೂ ಪುಟ್ಟಿ ತರಲೇಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ನಮ್ಮ ಚಹಾದಂಗಡಿಯಲ್ಲಿ ಒಬ್ಬ, “ಒಂದ್ ಲಾರಿ ಎಂಸೀಲ್ ಕಳಿಸ್ರೋ” ಅಂದಿದ್ದ. ಎಲ್ಲರ ಬೆಳೆಯೂ ಆ ನೀರಿನ ಮೇಲೇ ನಿಂತಿತ್ತು, ನಗಬೇಕೋ ಬೈಯಬೇಕೋ ತಿಳಿಯದ ದಿನಗಳು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಅಡ್ಡ ಇಳಿಸುವ ಕಬ್ಬಿಣದ ಫಲಕ) ಇಳಿಸಿ ಅದನ್ನು ಮುಚ್ಚಿದವರಿಗೆ ನನ್ನಂಥ ಫಿಟ್ಟರ್ ಕೈ ಮುಗಿಯಬೇಕು.

ರೈಸ್‌ಮಿಲ್ಲಿನವರ ಜೊತೆ ನನಗೆ ಜಗಳವೇ. ಶಾಫ್ಟಿನ ಮೇಲೆ ಬೇರಿಂಗ್ ಕೂರುವ ಜಾಗ ಸವೆದಿದೆ, ಪುಟ್ಟಿ ಹಾಕಿ ತುಂಬಿಕೊಡು ಅನ್ನುತ್ತಾರೆ. ತುಂಬಬಹುದು, ಸುಗ್ಗಿಯ ನಡುವೆ ಒಂದೆರಡು ದಿನ ದಾಟಿಸಬಹುದು. ತಿರುಗುವ ಶಾಫ್ಟಿಗೆ ಸರಿಯಾದ ದಾರಿ ಮಾತ್ರ ವೆಲ್ಡಿಂಗಿನಿಂದ ದಪ್ಪ ಮಾಡಿ ಲೇತಿಗೆ ಕೊಡುವುದು. ಒಬ್ಬ ಸಾವ್ಕಾರರು ಅಕ್ಕಿ ಬೀಳುವ ಹಾಪರ್ ತಗಡಿನ ತೂತಿಗೆ ಹಚ್ಚು ಅಂದರು. “ಉಣ್ಣೋ ಅಕ್ಕಿಯೊಳಗ ಉದುರತೈತ್ರಿ, ನಾ ಮಾಡಂಗಿಲ್ಲ” ಅಂದೆ, ತಗಡು ಕೊರೆದು ರಿವೆಟ್ ಹೊಡೆದು ಕೊಟ್ಟೆ. ಕುಡಿಯುವ ನೀರಿನ ತೊಟ್ಟಿಯಾದರೆ ಪ್ಯಾಕೆಟ್ ಮೇಲೆ ಅದಕ್ಕೇ ಅಂತ ಬರೆದಿದ್ದರೆ ಮಾತ್ರ ತನ್ನಿ.

ಕೊಳ್ಳುವಾಗ ತಾರೀಖು ನೋಡಿ, ಒತ್ತಿ ನೋಡಿ. ಒಂದು ಅಂಗಡಿಯಿಂದ ತಂದದ್ದರಲ್ಲಿ ಹಾರ್ಡನರ್ ಒಣಗಿ ಪುಡಿಪುಡಿ ಆಗಿತ್ತು, ವಾಪಸ್ ಕೊಡಲು ಹೋದರೆ “ಒಡೆದ ಪ್ಯಾಕೆಟ್ ನಡೆಯಂಗಿಲ್ಲ” ಅಂದರು. ಒಡೆಯದೆ ತಿಳಿಯುವುದು ಹೇಗೆ ಅಂತ ಕೇಳಿದರೆ ಉತ್ತರವಿಲ್ಲ. ಮನೆಯ ನಲ್ಲಿ, ಪೈಪು, ಕಿಟಕಿ ಸರಳಿಗೆ ಸಾದಾ ಪುಟ್ಟಿಯ ಸಣ್ಣ ಪ್ಯಾಕೆಟ್ ಸಾಕು. ಸ್ಟೀಲ್ ಪುಟ್ಟಿಗೆ ದುಡ್ಡು ಎಷ್ಟೋ ಪಟ್ಟು ಹೆಚ್ಚು. ಬೀಡಿನ ಬಿರುಕು, ಮರೆ ಕಿತ್ತುಹೋದ ತೂತು ಇದ್ದರೆ ಮಾತ್ರ ಹಾಕಿ. ಬರಿಗೈಯಲ್ಲಿ ನಾದಬೇಡಿ. ಹಾರ್ಡನರ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ, ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಮುಟ್ಟಿದಾಗಲೆಲ್ಲ ತುರಿಕೆ.

ಬೈಕಿನ ಪೆಟ್ರೋಲ್ ಟ್ಯಾಂಕ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಸೂಜಿಮೊನೆಯ ತೂತಾದರೆ, ಟ್ಯಾಂಕ್ ಖಾಲಿ ಮಾಡಿ ಬಣ್ಣ ಕೆರೆದು ಪೆಟ್ರೋಲ್ ತಡೆಯುವ ನಮೂನೆ ಹಚ್ಚಿ, ಮನೆ ಮುಟ್ಟುವ ಮಟ್ಟಿಗೆ ನಿಲ್ಲುತ್ತದೆ. ತಳವೇ ತುಕ್ಕು ತಿಂದು ತೆಳುವಾಗಿದ್ದರೆ ಟ್ಯಾಂಕ್ ಬದಲಿಸಿ. ವೆಲ್ಡಿಂಗಿಗೇ ಕೊಡುವುದಾದರೆ ಮೊದಲು ಸೋಪಿನ ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆಸಿ. ಖಾಲಿ ಕಾಣುವ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಬೇಗ ಸಿಡಿಯುತ್ತದೆ.