ಶ್ರೀಶೈಲಕ್ಕೆ ನಡೆಯುವವರು ಶೂ ತಗೊಳ್ಳೋಕೆ ಇಲ್ಲಿಗೆ ಸಂಜೆ ಹೊತ್ತಲ್ಲಿ ಹೋಗಿ

ಬಾಗಲಕೋಟೆ ನವನಗರದ ಈ ಅಂಗಡಿಯಲ್ಲಿ ನಾನು, ನಮ್ಮ ಮನೆಯವರು ಇಬ್ಬರೂ ಶೂ ತಗೊಂಡು ಹತ್ತು ವಾರ ಆಯ್ತು. ಕೊಂಡ ದಿನವೇ ಬರೆಯಬಹುದಿತ್ತು. ಆದರೆ ಅಂಗಡಿಯೊಳಗೆ ಹಾಕಿ ನೋಡುವಾಗ ಎಲ್ಲ ಶೂನೂ ಮೆತ್ತಗೇ ಇರುತ್ತೆ ಅಲ್ವಾ? ಈಗ ಇವನ್ನು ಹಾಕಿಕೊಂಡು 300 ಕಿಲೋಮೀಟರಿಗಿಂತ ಜಾಸ್ತಿ ನಡೆದಿದ್ದೇವೆ. ಹಾಗಾಗಿ ಧೈರ್ಯವಾಗಿ ಹೇಳಬಲ್ಲೆ.

ಈ ಯುಗಾದಿಗೆ ನಾವಿಬ್ಬರೂ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿದ್ದೇವೆ. ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು, ಆಮೇಲೆ ನಲ್ಲಮಲ ಕಾಡು. ಸುಮಾರು 400 ಕಿಲೋಮೀಟರ್. ಹೋದ ವರ್ಷವೂ ಹೊರಟಿದ್ದೆವು. ನಾಲ್ಕು ದಿನ ಮುಂಚೆ ಆನ್‌ಲೈನ್‌ನಲ್ಲಿ ತರಿಸಿದ ಹೊಸ ಶೂ ಹಾಕಿಕೊಂಡು ಹೋದೆ, ಲಿಂಗಸುಗೂರು ಬರೋದರೊಳಗೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು ಸಾಕ್ಸ್ ಅಂಟಿಕೊಂಡಿತ್ತು, ನೀರು ಹಾಕಿ ನೆನೆಸಿ ಬಿಡಿಸಬೇಕಾಯ್ತು. ಬಸ್ ಹತ್ತಿ ವಾಪಸ್ ಬಂದೆವು. ಅತ್ತೆ ಏನೂ ಅನ್ನಲಿಲ್ಲ. ಶ್ರೀಶೈಲದ ದೇವಿ ಭ್ರಮರಾಂಬೆಗೆ ಅಂತ ಕೊಟ್ಟು ಕಳಿಸಿದ್ದ ಇಳಕಲ್ ಸೀರೆಯನ್ನು ನಮ್ಮ ಬ್ಯಾಗಿನಿಂದ ತೆಗೆದು ದೇವರ ಮನೆಯಲ್ಲಿ ಇಟ್ಟರು. ನಮ್ಮ ಕಡೆಯವರಿಗೆ ಭ್ರಮರಾಂಬೆ ಮನೆಮಗಳು, ಮಲ್ಲಯ್ಯ (ಮಲ್ಲಿಕಾರ್ಜುನ ಸ್ವಾಮಿ) ಅಳಿಯ. ಮಗಳ ಸೀರೆ ಅರ್ಧ ದಾರಿಯಿಂದ ತಿರುಗಿ ಬಂತಲ್ಲ ಅನ್ನೋದು ನನಗೆ ಇವತ್ತಿಗೂ ಚುಚ್ಚುತ್ತೆ.

ಈ ಸಲ ಬೆಳಗ್ಗೆ ಹತ್ತಕ್ಕೇ ಅಂಗಡಿಗೆ ಹೋದರೆ ಮಾಲೀಕರು ಶೂನೇ ತೋರಿಸಲಿಲ್ಲ. "ಸಂಜಿ ಮುಂದ ಬರ್ರಿ ಅಕ್ಕಾರ, ಒಂದೆರಡು ತಾಸು ಅಡ್ಡಾಡಿ ಬರ್ರಿ. ಕಾಲು ಬಾತಿರತಾವ, ಆವಾಗ ಖರೇ ಅಳತಿ ಸಿಗತೈತಿ" ಅಂದರು. ವ್ಯಾಪಾರ ಬಿಟ್ಟು ವಾಪಸ್ ಕಳಿಸಿದ ಅಂಗಡಿಯವರನ್ನು ನಾನು ನೋಡಿದ್ದೇ ಮೊದಲು. ಸಂಜೆ ಹೋದೆವು. ಪೇಪರ್ ಹಾಸಿ ನನ್ನನ್ನು ಅದರ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ಪೆನ್ನಿಂದ ಗೆರೆ ಎಳೆದರು. ಕೂತು ಅಳತೆ ಕೊಟ್ಟರೆ ಪಾದದ ಮೇಲೆ ಭಾರ ಬೀಳಲ್ಲ, ಅದಕ್ಕೇ ನಿಲ್ಲಿಸೋದಂತೆ. ನನ್ನ ಬಲಗಾಲು ಎಡಗಾಲಿಗಿಂತ ಸ್ವಲ್ಪ ಉದ್ದ ಅಂತ ನಲವತ್ತೆರಡು ವರ್ಷಕ್ಕೆ ಗೊತ್ತಾಯ್ತು. ದೊಡ್ಡ ಕಾಲಿನ ಲೆಕ್ಕಕ್ಕೇ ಶೂ ತಗೋಬೇಕು. ಒಳಗಿನ ಅಟ್ಟೆ ಹೊರಗೆ ತೆಗೆದು ಅದರ ಮೇಲೆ ನಿಲ್ಲಿಸಿದರು, ಬೆರಳ ಮುಂದೆ ಕೈ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯುವವರೆಗೆ ನಂಬರ್ ಬದಲಿಸಿದರು. ಕೊನೆಗೆ ನಾನು ಯಾವಾಗಲೂ ಹಾಕೋ ನಂಬರಿಗಿಂತ ಒಂದು ಜಾಸ್ತಿಯದೇ ಸರಿಹೋಯ್ತು. ನನ್ನದಕ್ಕೆ 1,850 ರೂಪಾಯಿ, ಮನೆಯವರದಕ್ಕೆ 2,300.

ಲೇಸ್ ಕಟ್ಟೋದನ್ನೂ ಅಂಗಡಿಯವರೇ ಕಲಿಸಿದರು. ಶೂನ ಮೇಲ್ಗಡೆ ಕೊನೆಯಲ್ಲಿ ಒಂದು ತೂತು ಸುಮ್ನೆ ಖಾಲಿ ಇರುತ್ತಲ್ಲ, ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಸಣ್ಣ ಕುಣಿಕೆ ಬಿಡಬೇಕು. ಎರಡೂ ಕಡೆ ಹಾಗೇ. ಆಮೇಲೆ ಈ ಕಡೆಯ ತುದಿಯನ್ನು ಆ ಕಡೆಯ ಕುಣಿಕೆಯಲ್ಲಿ, ಆ ಕಡೆಯದನ್ನು ಈ ಕಡೆಯ ಕುಣಿಕೆಯಲ್ಲಿ ತೂರಿಸಿ, ಕೆಳಕ್ಕೆ ಎಳೆದು ಕಟ್ಟಬೇಕು. ಹಿಮ್ಮಡಿ ಅಲ್ಲಾಡಲ್ಲ. ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಜಾರಿ ಬೆರಳು ಬಡಿಯಲ್ಲ. ನಲ್ಲಮಲ ಕಾಡಿನ ದಾರಿಯಲ್ಲಿ ಬರೋ ಭೀಮನ ಕೊಳ್ಳದ ಮೆಟ್ಟಿಲು ಇಳಿದವರಿಗೆ ಇದರ ಬೆಲೆ ಗೊತ್ತು, ಎಷ್ಟೋ ಜನರ ಹೆಬ್ಬೆರಳ ಉಗುರು ಕಪ್ಪಾಗೋದು ಅಲ್ಲೇ.

ನಮ್ಮ ತಯಾರಿ ಹೀಗಿತ್ತು. ಮೊದಲ ವಾರ ದಿನಾ ಬೆಳಗ್ಗೆ ಐದಕ್ಕೆದ್ದು ಬರೀ 5 ಕಿಲೋಮೀಟರ್, ಮುಚಖಂಡಿ ಕಡೆ. ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ. ನಾಲ್ಕನೇ ವಾರದಿಂದ ಭಾನುವಾರ ಉದ್ದದ ನಡಿಗೆ. ಏಳನೇ ವಾರ ಶನಿವಾರ ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್, ರಾತ್ರಿ ಪರಿಚಯದವರ ಮನೆಯಲ್ಲಿ ಮಲಗಿ ಮರುದಿನ ಐಹೊಳೆಗೆ. ಎರಡು ದಿನ ಬೆನ್ನುಬೆನ್ನಿಗೆ ನಡೆಯಲೇಬೇಕು. ಮೊದಲ ದಿನ ಯಾರು ಬೇಕಾದರೂ ನಡೀತಾರೆ, ಎರಡನೇ ದಿನ ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ನಿಜ ಗೊತ್ತಾಗುತ್ತೆ. ಯಾತ್ರೆಯಲ್ಲಿ ದಿನಕ್ಕೆ 25-30 ಕಿಲೋಮೀಟರ್ ಆಗಬೇಕು, ಅದೂ ಮಾರ್ಚ್ ಬಿಸಿಲಲ್ಲಿ. ಅದಕ್ಕೇ ನಸುಕಿಗೆ ಹೊರಟು ಹನ್ನೊಂದರೊಳಗೆ ನೆರಳು ಹಿಡಿಯೋದು ಅಂತ ಈಗಿನಿಂದಲೇ ರೂಢಿ ಮಾಡಿಕೊಂಡಿದ್ದೇವೆ.

ಶೂ ಬಿಟ್ಟರೆ ನಮಗೆ ಕಷ್ಟ ಆಗಿದ್ದು ಹೆಜ್ಜೆ ಹೊಂದಿಸೋದು. ಮನೆಯವರದು ಉದ್ದ ಹೆಜ್ಜೆ. ಮುಂದೆ ಹೋಗಿ ಮರದ ಕೆಳಗೆ ಕೂತು ಕಾಯೋರು, ನಾನು ಬಂದ ತಕ್ಷಣ ಏಳೋರು. ಅವರಿಗೆ ವಿಶ್ರಾಂತಿ ಸಿಕ್ಕಿತು, ನನಗಿಲ್ಲ. ಎರಡು ವಾರ ಇದೇ ಜಗಳ. ಈಗ ನಾನು ಮುಂದೆ, ಅವರು ಹಿಂದೆ. ನಾನು ಕೂತು ನೀರು ಕುಡಿದು ಎದ್ದಾಗಲೇ ಅವರೂ ಏಳಬೇಕು. ದಂಪತಿ ಹೊರಡೋದಿದ್ದರೆ ಇದನ್ನು ಮನೆ ಹತ್ತಿರವೇ ಮಾತಾಡಿ ಮುಗಿಸಿಕೊಳ್ಳಿ.

ಅಂಗಡಿಯ ಕೊರತೆಯನ್ನೂ ಹೇಳಬೇಕು. ಹೆಂಗಸರ ಶೂ ತುಂಬಾ ಕಡಿಮೆ, ನನ್ನ ನಂಬರ್ ತರಿಸೋಕೆ ಒಂಬತ್ತು ದಿನ ತಗೊಂಡರು. ಸಾಕ್ಸ್ ಎಲ್ಲ ದಪ್ಪ ಕಾಟನ್. ಕಾಟನ್ ಬೆವರು ಹೀರಿ ಒದ್ದೆಯಾಗೇ ಇರುತ್ತೆ, ಒದ್ದೆ ಚರ್ಮ ಉಜ್ಜಿದರೆ ಬೊಬ್ಬೆ ಗ್ಯಾರಂಟಿ. ಬೇಗ ಒಣಗೋ ನೈಲಾನ್ ಮಿಶ್ರಣದ ಸಾಕ್ಸ್ ಬೇರೆ ಕಡೆ ತಗೊಳ್ಳಿ, ಮೂರು ಜೊತೆ ಇರಲಿ. ಹೊರಡೋ ಮುಂಚೆ ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲಿನ್ ಹಚ್ಚಿದರೆ ಇನ್ನೂ ಒಳ್ಳೇದು. ಮನೆಯವರ ಬಲಗಾಲಿನ ಶೂ ಐದನೇ ವಾರ ಅಂಚಿನಲ್ಲಿ ಬಾಯಿ ಬಿಟ್ಟಿತ್ತು. ತಗೊಂಡು ಹೋದರೆ ಮಾತಿಲ್ಲದೆ ಅಂಟಿಸಿ ಹೊಲಿಗೆ ಹಾಕಿಕೊಟ್ಟರು, ಹಣ ಕೇಳಲಿಲ್ಲ.

ಬರಿಗಾಲಲ್ಲೇ ಹೋಗಬೇಕು ಅಂತ ಮೊದಲು ಮನೆಯವರು ಹಠ ಹಿಡಿದಿದ್ದರು. ಎರಡು ಸಲ ಬರಿಗಾಲಲ್ಲಿ ಮಲ್ಲಯ್ಯನ ಕಂಡು ಬಂದ ಅತ್ತೆಯೇ ಮಾತು ಮುಗಿಸಿದರು. "ನಮ್ಮ ಕಾಲಕ್ಕ ಮಣ್ಣಿನ ದಾರಿ ಇತ್ತು, ಈಗೆಲ್ಲಾ ಡಾಂಬರ್. ಹಾಕ್ಕೊಂಡು ಹೋಗ್ರಿ." ಶ್ರೀಶೈಲಕ್ಕೆ ಸ್ವಲ್ಪ ಮುಂಚೆ ಸಿಗೋ ಕೈಲಾಸದ್ವಾರದಿಂದ ಮುಂದೆ ಇಬ್ಬರೂ ಬಿಚ್ಚಿಟ್ಟು ನಡೆಯೋದು ಅಂತ ಮಾತಾಗಿದೆ. ಶೂ ತುಂಬೋಕೆ ಹಳೆ ಟವೆಲ್‌ನಲ್ಲಿ ಎರಡು ಚೀಲ ಹೊಲಿದಿದ್ದೇನೆ. ಸೀರೆಗೆ ಬೇರೆ ಚೀಲ, ಅದು ನನ್ನ ಹೆಗಲಲ್ಲೇ.