ಸೀಲಿಯಾಕ್ ಟೆಸ್ಟ್‌ಗೆ ಹೋಗಿದ್ದ ಗೋಣಿಕೊಪ್ಪದ ಲ್ಯಾಬು: 5ಕ್ಕೆ 3.5

ಲ್ಯಾಬ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಬೈಯೋದೂ ಇದೆ. ಹೋಗಿದ್ದು ಚಿಕ್ಕವನಿಗೆ, ಆರು ವರ್ಷ, ಅವನಿಗೇನೂ ಆಗಿರ್ಲಿಲ್ಲ, ಗುಂಡುಗುಂಡಾಗೇ ಇದ್ದ. ಆದ್ರೆ ಅವನ ಅಕ್ಕನಿಗೆ ಸೀಲಿಯಾಕ್, ಅಂದ್ರೆ ಗೋಧಿ ಬಾರ್ಲಿ ತಿಂದ್ರೆ ಕರುಳು ಹಾಳಾಗೋ ಕಾಯಿಲೆ, ಅಂತ ಗೊತ್ತಾದ್ಮೇಲೆ ಮೈಸೂರಿನ ಡಾಕ್ಟ್ರು, ಒಡಹುಟ್ಟಿದವ್ರಲ್ಲಿ ಹೆಚ್ಚುಕಮ್ಮಿ ಹತ್ತಕ್ಕೆ ಒಬ್ರಿಗೆ ಇರುತ್ತೆ, ಇವನಿಗೂ ಮಾಡಿಸಿ ಅಂದ್ರು.

ಅವಳದ್ದು ಗೊತ್ತಾಗೋಕೇ ಎರಡು ವರ್ಷ ಹಿಡೀತು. ರಕ್ತ ಕಮ್ಮಿ ಅಂತ ಐರನ್ ಟಾನಿಕ್ಕು, ಜಂತುಹುಳದ ಮಾತ್ರೆ, ಎತ್ತರ ಬೆಳೀತಿಲ್ಲ ಅಂತ ನಾವೇ ದಿನಾ ಎರಡು ಹೊತ್ತು ಹಾಲಿಗೆ ಮಾಲ್ಟ್ ಪುಡಿ ಕಲಸಿ ಕುಡಿಸಿದ್ವಿ, ಆ ಡಬ್ಬ ತಿರುಗಿಸಿ ಓದಿದ್ರೆ ಬಾರ್ಲಿ ಮತ್ತೆ ಗೋಧಿ! ರಜಕ್ಕೆ ಪೊನ್ನಂಪೇಟೆ ಕಡೆ ಅಜ್ಜಿ ಮನೆಗೆ ಹೋದಾಗ ಮಾತ್ರ ಹೊಟ್ಟೆ ಉಬ್ಬರ ಇಳೀತಿತ್ತು, ಅಲ್ಲಿ ನೀರು ಒಗ್ಗುತ್ತೆ ಅಂದ್ಕೊಂಡಿದ್ವಿ. ಎಂಥ ನೀರು ಮಾರಾಯ್ರೆ, ಅಲ್ಲಿ ಬೆಳಗ್ಗೆ ಅಕ್ಕಿ ರೊಟ್ಟಿ ಇಲ್ಲಾ ನೂಪುಟ್ಟು, ರಾತ್ರಿ ಕಡಂಬುಟ್ಟು, ಎಲ್ಲ ಅಕ್ಕೀದೇ, ಗೋಧಿ ಹಿಟ್ಟು ಅವ್ರ ಮನೆ ಡಬ್ಬದಲ್ಲೇ ಇರಲ್ಲ.

ಈಗ ಲ್ಯಾಬು. ಜುಲೈ, ಮಳೆ ರಜ ಮೇಲೆ ರಜ, ಇವನೂ ಅಜ್ಜಿ ಮನೇಲೇ ಇದ್ದ. ರಕ್ತ ತೆಗೆಯೋ ಹುಡುಗಿ ಕೈಗೆ ರಬ್ಬರ್ ಕಟ್ಟಿ, ಹತ್ತಿ ಒರೆಸಿ, ಸೂಜಿ ಹಿಡ್ಕೊಂಡೇ ಕೇಳಿದ್ಳು, 'ಅಕ್ಕ, ಇವ್ನು ಈಗ ಗೋಧಿ ತಿಂತಿದಾನಾ?' ಇಲ್ಲ ಅಂದೆ. ರಬ್ಬರ್ ಬಿಚ್ಚಿಬಿಟ್ಳು. ಗೋಧಿ ತಿನ್ನದೆ ಇದ್ರೆ ಟೆಸ್ಟಲ್ಲಿ ಹುಡುಕೋ ಆಂಟಿಬಾಡಿ ಕಮ್ಮಿಯಾಗಿ ಸುಳ್ಳು ನೆಗೆಟಿವ್ ಬರಬಹುದಂತೆ, ಆರು ವಾರ ದಿನಾ ಎರಡು ಹೊತ್ತು ಚಪಾತಿ ಬ್ರೆಡ್ಡು ತಿನ್ನಿಸ್ಕೊಂಡು ಬನ್ನಿ ಅಂತ ವಾಪಸ್ ಕಳಿಸಿದ್ಳು. ಬಂದ ಗಿರಾಕೀನ ದುಡ್ಡು ತಗೊಳ್ದೆ ಕಳಿಸೋ ಲ್ಯಾಬ್ ನಾನಂತೂ ನೋಡಿರ್ಲಿಲ್ಲ. ಮನೇಲಿ ಅತ್ತೆ ಮಾತ್ರ, 'ಒಬ್ಳಿಗೆ ಗೋಧಿ ವಿಷ ಅಂತೀರ, ಇನ್ನೊಬ್ನ ಬಾಯಿಗೆ ತುರುಕ್ತೀರ' ಅಂತ ಆರು ವಾರವೂ ಗೊಣಗಿದ್ರು.

ಬೈಗುಳ ಏನಂದ್ರೆ, ಟಿಟಿಜಿ (ಆ ಆಂಟಿಬಾಡಿ ನೋಡೋ ಟೆಸ್ಟು) ಜೊತೆ ಟೋಟಲ್ ಐಜಿಎ ನೋಡ್ಲೇಬೇಕು, ಟಿಟಿಜಿಲಿ ಹುಡುಕೋದು ಐಜಿಎ ಅನ್ನೋ ಜಾತಿಯ ಆಂಟಿಬಾಡಿನೇ, ಕೆಲವು ಮಕ್ಕಳಿಗೆ ಆ ಐಜಿಎನೇ ಇರಲ್ಲ, ಆಗ ಟಿಟಿಜಿ ನಾರ್ಮಲ್ ಬಂದ್ರೂ ನಂಬಂಗಿಲ್ಲ. ಇವ್ರ ಪ್ಯಾಕೇಜಲ್ಲಿ ಅದಿಲ್ಲ, ನಾನೇ ಕೇಳಿ ಬರೆಸ್ದೆ, ಎರಡೂ ಸೇರಿ 1,900 ಆಯ್ತು. ಸ್ಯಾಂಪಲ್ ಬೆಂಗಳೂರಿಗೆ ಹೋಗುತ್ತೆ, ಎರಡು ದಿನ ಅಂದ್ರು, ಐದಾಯ್ತು. ಕೊನೆಗೆ ಶನಿವಾರ ರಾತ್ರಿ ವಾಟ್ಸಾಪಿಗೆ ಪಿಡಿಎಫ್ ಎಸೆದ್ರು, ಟಿಟಿಜಿ ಲಿಮಿಟ್ 20, ಇವನದ್ದು 64, ಕೆಂಪಕ್ಷರದಲ್ಲಿ. ಫೋನ್ ಮಾಡಿದ್ರೆ ಸೋಮವಾರದವರೆಗೆ ಎತ್ತೋರೇ ಇಲ್ಲ. ಮಕ್ಕಳ ರಿಪೋರ್ಟ್ ಹಿಂಗೆ ಕಳಿಸ್ತಾರಾ?

ಒಂದೇ ಒಂದು ಲಕ್ಷಣ ಇಲ್ದಿರೋ ಹುಡುಗ, ಅಕ್ಕನಿಗೆ ಬರದೇ ಇದ್ದಿದ್ರೆ ಯಾರು ಟೆಸ್ಟ್ ಮಾಡಿಸ್ತಿದ್ರು ಹೇಳಿ. ಇಟಲಿಯಲ್ಲಿ 2023ರಲ್ಲಿ ಕಾನೂನೇ ಮಾಡಿ ಮಕ್ಕಳಿಗೆಲ್ಲ ಸ್ಕ್ರೀನಿಂಗ್ ಅಂತಿದಾರೆ, ನಮ್ಮಲ್ಲಿ ಅಷ್ಟು ಬೇಡ, ಮನೇಲಿ ಒಬ್ರಿಗಿದ್ರೆ ಉಳಿದವ್ರಿಗಾದ್ರೂ ಮಾಡಿಸಿ.

ಅಕ್ಕಂದು ಲಿಮಿಟ್‌ಗಿಂತ ಹತ್ತು ಪಟ್ಟು ದಾಟಿತ್ತು, ಹಂಗಾಗಿ ಇನ್ನೊಂದು ರಕ್ತ ಪರೀಕ್ಷೇಲೇ ಮುಗೀತು. ಇವನದ್ದು ಮೂರು ಪಟ್ಟು ಚಿಲ್ಲರೆ, ಎಂಡೋಸ್ಕೋಪಿ ಬೇಕು, ಮುಂದಿನ ವಾರ ಮೈಸೂರು. ಅಲ್ಲೀವರೆಗೆ ಗೋಧಿ ನಿಲ್ಲಿಸ್ಬಾರ್ದಂತೆ. ದಿನಾ ಬೆಳಗ್ಗೆ ಮೊದ್ಲು ಅವಳ ಅಕ್ಕಿ ರೊಟ್ಟಿ, ಆಮೇಲೆ ಬೇರೆ ಕಾವಲಿ ಇಟ್ಟು ಇವನ ಚಪಾತಿ.